ಪ್ರೈವಸಿ ಎಕ್ಸ್‌ಟೆನ್ಶನ್ ಜಾಸ್ತಿಯಾದರೆ ಗುರುತು ಸಿಗುವುದೂ ಸುಲಭವೇ?

ಪ್ರಶ್ನೆ: ನನ್ನ ಕ್ರೋಮ್ ಬ್ರೌಸರ್‌ನಲ್ಲಿ ಹತ್ತು ಹನ್ನೆರಡು ಎಕ್ಸ್‌ಟೆನ್ಶನ್‌ಗಳಿವೆ. ಆಡ್‌ಬ್ಲಾಕರ್, ಯೂಸರ್ ಏಜೆಂಟ್ (ನಾನು ಯಾವ ಬ್ರೌಸರ್ ಅಂತ ಸೈಟ್‌ಗೆ ಹೇಳುವ ಸಾಲು) ಬದಲಿಸುವುದು, ಕ್ಯಾನ್ವಾಸ್ ಬ್ಲಾಕರ್, ಪಾಸ್‌ವರ್ಡ್ ಮ್ಯಾನೇಜರ್, ಡಾರ್ಕ್ ಮೋಡ್, ಇಂಗ್ಲಿಷ್ ವ್ಯಾಕರಣ ತಿದ್ದುವುದು, ಕೂಪನ್ ಹುಡುಕುವುದು ಹೀಗೆ. ಅರ್ಧದಷ್ಟನ್ನು ಪ್ರೈವಸಿಗೆಂದೇ ಹಾಕಿಕೊಂಡಿದ್ದೇನೆ. ಆದರೂ 'ಕವರ್ ಯುವರ್ ಟ್ರ್ಯಾಕ್ಸ್' ಪರೀಕ್ಷೆ ಮಾಡಿದರೆ ನಿಮ್ಮಂಥ ಬ್ರೌಸರ್ ಬೇರೊಂದಿಲ್ಲ ಎಂದು ಬರುತ್ತದೆ. ಎಕ್ಸ್‌ಟೆನ್ಶನ್‌ಗಳಿಂದಲೇ ಹೀಗಾಗುತ್ತಿದೆಯೇ? ಎಲ್ಲವನ್ನೂ ತೆಗೆದುಬಿಡಲೇ?

ಉತ್ತರ: ಎಲ್ಲವನ್ನೂ ಕಿತ್ತುಹಾಕಬೇಡಿ. ಹಾಗಂತ ಎಲ್ಲವನ್ನೂ ಇಟ್ಟುಕೊಳ್ಳಲೂ ಬೇಡಿ. ಆಡ್‌ಬ್ಲಾಕರ್ ಇರಲಿ. ಯೂಸರ್ ಏಜೆಂಟ್ ಬದಲಿಸುವುದು ಇವತ್ತೇ ಹೋಗಲಿ. ಕ್ಯಾನ್ವಾಸ್ ಬ್ಲಾಕರ್ ಕೂಡ ನಿಮಗೆ ಉಪಕಾರಕ್ಕಿಂತ ತೊಂದರೆಯನ್ನೇ ಜಾಸ್ತಿ ಮಾಡುತ್ತಿರಬಹುದು. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಬ್ರೌಸರ್‌ನ ವಿವರಗಳಿಂದಲೇ ನಿಮ್ಮನ್ನು ಗುರುತಿಸುವುದಕ್ಕೆ ಫಿಂಗರ್‌ಪ್ರಿಂಟಿಂಗ್ ಎನ್ನುತ್ತಾರೆ. ಅದನ್ನು ಮಾಡುವ ಸೈಟ್‌ಗೆ ಕುಕೀ ಬೇಕಿಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿ ಏನನ್ನೂ ಬರೆದಿಡಬೇಕಿಲ್ಲ. ಪುಟ ಸರಿಯಾಗಿ ಕಾಣಲಿ ಅಂತ ಬ್ರೌಸರ್ ಕೊಡುವ ವಿವರಗಳನ್ನೇ ಅದು ಒಟ್ಟು ಮಾಡುತ್ತದೆ: ಪರದೆಯ ಅಳತೆ, ಟೈಮ್ ಝೋನ್, ಭಾಷೆ, ಫಾಂಟ್‌ಗಳು, ಗ್ರಾಫಿಕ್ಸ್ ಕಾರ್ಡ್, ಕ್ಯಾನ್ವಾಸ್ (ಪುಟದೊಳಗೆ ಚಿತ್ರ ಬಿಡಿಸಲು ಬ್ರೌಸರ್ ಕೊಡುವ ಜಾಗ) ಮೇಲೆ ಒಂದು ಚಿತ್ರ ಬಿಡಿಸಿದರೆ ಮೂಡುವ ಪಿಕ್ಸೆಲ್‌ಗಳು. ಇವುಗಳಲ್ಲಿ ಹೆಚ್ಚಿನವನ್ನು ಒಂದೊಂದಾಗಿ ನೋಡಿದರೆ ಲಕ್ಷಾಂತರ ಜನರ ಬ್ರೌಸರ್‌ನಲ್ಲಿ ಅದೇ ಇರುತ್ತದೆ. ಎಲ್ಲವೂ ಸೇರಿದ ಜೋಡಣೆ ಮಾತ್ರ ನಿಮ್ಮೊಬ್ಬರದ್ದೇ ಆಗಿರಬಹುದು. 33 ಬಿಟ್‌ನಷ್ಟು, ಅಂದರೆ 33 ಹೌದು-ಇಲ್ಲ ಪ್ರಶ್ನೆಗಳ ಉತ್ತರದಷ್ಟು ಮಾಹಿತಿ ಸಿಕ್ಕರೆ 850 ಕೋಟಿಗೂ ಹೆಚ್ಚು ಜನರಲ್ಲಿ ಒಬ್ಬರನ್ನು ಬೇರೆ ಮಾಡಿ ಗುರುತಿಸಬಹುದು. ಭೂಮಿಯ ಮೇಲಿನ ಎಲ್ಲರಿಗೂ ಅಷ್ಟು ಸಾಕು.

ನೀವು ಮಾಡಿದ ಪರೀಕ್ಷೆ ಡಿಜಿಟಲ್ ಹಕ್ಕುಗಳ ಪರ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನದು. ಮೊದಲು ಅದರ ಹೆಸರು ಪ್ಯಾನಾಪ್ಟಿಕ್ಲಿಕ್. 2010ರಲ್ಲಿ ಅದರಲ್ಲಿ ಸಿಕ್ಕ 4,70,161 ಬ್ರೌಸರ್‌ಗಳ ಲೆಕ್ಕ ಹಾಕಿದಾಗ ಶೇ. 83.6ರಷ್ಟು ಬ್ರೌಸರ್‌ಗಳಿಗೆ ಜೋಡಿಯೇ ಇರಲಿಲ್ಲ. ಈ ಅಂಕಿಯನ್ನು ಎಲ್ಲ ಕಡೆ ಹೇಳುತ್ತಾರೆ. ಆದರೆ 2018ರಲ್ಲಿ ಫ್ರಾನ್ಸ್‌ನಲ್ಲಿ ಒಂದು ಜನಪ್ರಿಯ ಸೈಟ್‌ಗೆ ಬಂದವರ 20 ಲಕ್ಷಕ್ಕೂ ಹೆಚ್ಚು ಫಿಂಗರ್‌ಪ್ರಿಂಟ್ ನೋಡಿದಾಗ ಅಂಥವು ಸಿಕ್ಕಿದ್ದು ಶೇ. 33.6 ಮಾತ್ರ. ಇಷ್ಟು ವ್ಯತ್ಯಾಸಕ್ಕೆ ಒಂದು ಕಾರಣ ಬಂದ ಜನ. ಪರೀಕ್ಷೆ ಮಾಡಿಕೊಳ್ಳಲೆಂದೇ ಬರುವವರು ಸಾಮಾನ್ಯವಾಗಿ ಬ್ರೌಸರ್‌ನಲ್ಲಿ ಏನೇನೋ ಬದಲಿಸಿಕೊಂಡವರು. ನಿಮ್ಮ ಹಾಗೆ, ನನ್ನ ಹಾಗೆ. ಮಾಮೂಲಿ ಸೈಟ್‌ಗೆ ಬರುವವರು ಬ್ರೌಸರನ್ನು ಬಂದ ಹಾಗೇ ಬಳಸುತ್ತಾರೆ, ಅದಕ್ಕೇ ಒಬ್ಬರಂತೆ ಇನ್ನೊಬ್ಬರು ಕಾಣುತ್ತಾರೆ.

ಈಗ ಎಕ್ಸ್‌ಟೆನ್ಶನ್ ವಿಷಯಕ್ಕೆ ಬರೋಣ. ನಿಮ್ಮಲ್ಲಿ ಯಾವ ಎಕ್ಸ್‌ಟೆನ್ಶನ್‌ಗಳಿವೆ ಅಂತ ಬ್ರೌಸರ್ ಯಾವ ಸೈಟ್‌ಗೂ ಪಟ್ಟಿ ಕೊಡುವುದಿಲ್ಲ. ನೇರವಾಗಿ ಕೇಳುವ ದಾರಿಯೇ ಇಲ್ಲ. ಹಾಗಾಗಿ ಸೈಟ್ ಬಾಗಿಲು ತಟ್ಟಿ ನೋಡುತ್ತದೆ.

ತಟ್ಟಲು ಕ್ರೋಮ್‌ನಲ್ಲಿ ತುಂಬಾ ಸುಲಭವಾದ ಒಂದು ಬಾಗಿಲಿದೆ. ಪ್ರತಿ ಎಕ್ಸ್‌ಟೆನ್ಶನ್‌ಗೂ 32 ಅಕ್ಷರಗಳ ಒಂದು ಐಡಿ ಇರುತ್ತದೆ. ಸ್ಟೋರ್‌ನಿಂದ ಹಾಕಿಕೊಂಡ ಎಕ್ಸ್‌ಟೆನ್ಶನ್‌ಗೆ ಜಗತ್ತಿನ ಎಲ್ಲರ ಬಳಿಯೂ ಅದೇ ಐಡಿ. ಪುಟದೊಳಗೆ ತನ್ನ ಐಕಾನ್ ಅಥವಾ ಚಿಕ್ಕ ಬಟನ್ ತೋರಿಸಬೇಕಾದ ಎಕ್ಸ್‌ಟೆನ್ಶನ್, ತನ್ನ ಕೆಲವು ಫೈಲ್‌ಗಳನ್ನು ಪುಟಗಳಿಗೆ ಸಿಗುವಂತೆ ತೆರೆದಿಡುತ್ತದೆ. ಇವನ್ನು ವೆಬ್ ಆಕ್ಸೆಸಿಬಲ್ ರಿಸೋರ್ಸಸ್ ಎನ್ನುತ್ತಾರೆ. ಸೈಟ್‌ನ ಸ್ಕ್ರಿಪ್ಟ್ ಆ ಐಡಿ ಮತ್ತು ಫೈಲ್ ಹೆಸರು ಸೇರಿಸಿ ಕೇಳುತ್ತದೆ. ಫೈಲ್ ಬಂದರೆ ಎಕ್ಸ್‌ಟೆನ್ಶನ್ ಇದೆ, ಬರದಿದ್ದರೆ ಇಲ್ಲ. ಸಾವಿರ ಐಡಿಗಳ ಪಟ್ಟಿ ಇಟ್ಟುಕೊಂಡು ಒಂದಾದ ಮೇಲೊಂದು ಕೇಳುತ್ತಾ ಹೋದರೂ ನಿಮಗೆ ಗೊತ್ತಾಗುವುದಿಲ್ಲ. 2017ರಲ್ಲಿ ಸ್ವೀಡನ್‌ನ ಚಾಲ್ಮರ್ಸ್ ವಿಶ್ವವಿದ್ಯಾಲಯದವರು ಇದೇ ರೀತಿ ಹುಡುಕಿದಾಗ, ಕ್ರೋಮ್‌ನ ಮೊದಲ 1,000 ಉಚಿತ ಎಕ್ಸ್‌ಟೆನ್ಶನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಿಕ್ಕಿಬಿದ್ದವು. ಅವುಗಳಲ್ಲಿ ಪ್ರೈವಸಿ ಮತ್ತು ಭದ್ರತೆಯ ಹೆಸರಾಂತ ಎಕ್ಸ್‌ಟೆನ್ಶನ್‌ಗಳೂ ಇದ್ದವು.

ಮ್ಯಾನಿಫೆಸ್ಟ್ ವಿ3 ಎಂಬ ಹೊಸ ನಿಯಮಗಳಲ್ಲಿ ಇದಕ್ಕೆ ಸ್ವಲ್ಪ ಕಡಿವಾಣ ಇದೆ. ಯಾವ ಸೈಟ್‌ಗೆ ಯಾವ ಫೈಲ್ ಅಂತ ಡೆವಲಪರ್ ಹೇಳಬೇಕು. ಬೇಕೆಂದರೆ ಫೈಲ್‌ನ ವಿಳಾಸ ಬದಲಾಗುತ್ತಿರುವಂತೆಯೂ ಮಾಡಬಹುದು. ಆದರೆ 'ಎಲ್ಲ ಸೈಟ್‌ಗಳಿಗೂ' ಅಂತ ಒಂದು ಸಾಲು ಬರೆದರೆ ಮುಗಿಯಿತು, ಮತ್ತೆ ಹಳೇ ಕಥೆಯೇ. ಫೈರ್‌ಫಾಕ್ಸ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಎಕ್ಸ್‌ಟೆನ್ಶನ್‌ನ ಒಳಗಿನ ವಿಳಾಸ ಒಬ್ಬೊಬ್ಬರ ಬ್ರೌಸರ್‌ನಲ್ಲಿ ಒಂದೊಂದು ಥರ ಇರುತ್ತದೆ, ಊಹಿಸಿ ತಟ್ಟಲು ಆಗುವುದಿಲ್ಲ. ಒಳ್ಳೆಯದೇ. ಆದರೆ ಆ ಎಕ್ಸ್‌ಟೆನ್ಶನ್ ಪುಟದೊಳಗೆ ತನ್ನದೇ ಒಂದು ಚಿತ್ರ ಹಾಕಿದರೆ ಆ ವಿಳಾಸ ಪುಟಕ್ಕೆ ಕಾಣುತ್ತದೆ. ಆ ವಿಳಾಸ ಇಡೀ ಜಗತ್ತಿನಲ್ಲಿ ನಿಮ್ಮೊಬ್ಬರದ್ದೇ. ಅಂದರೆ ಊಹೆಯಿಂದ ಕಾಪಾಡಿದ ವ್ಯವಸ್ಥೆಯೇ, ಒಮ್ಮೆ ಸೋರಿದರೆ, ಕುಕೀಗಿಂತ ಗಟ್ಟಿಯಾದ ಗುರುತಾಗುತ್ತದೆ. ಎಂಥ ವಿಚಿತ್ರ ನೋಡಿ!

ಇನ್ನೊಂದು ದಾರಿಯಲ್ಲಿ ಸೈಟ್ ಏನನ್ನೂ ಕೇಳುವುದೇ ಇಲ್ಲ. ಎಕ್ಸ್‌ಟೆನ್ಶನ್ ತಾನಾಗಿ ಪುಟದಲ್ಲಿ ಬಿಟ್ಟುಹೋದ ಗುರುತನ್ನು ನೋಡುತ್ತದೆ. ವ್ಯಾಕರಣ ತಿದ್ದುವ ಗ್ರಾಮರ್ಲಿ ಇದ್ದರೆ ಪುಟದ ಬಾಡಿ ಟ್ಯಾಗ್‌ಗೆ ಅದರದ್ದೇ ಆದ ಆಟ್ರಿಬ್ಯೂಟ್‌ಗಳು ಸೇರುತ್ತವೆ. ಬಣ್ಣ ಆರಿಸಿಕೊಳ್ಳುವ ಕಲರ್‌ಝಿಲ್ಲಾ ಕೂಡ ಅಲ್ಲೇ ಒಂದು ಸಾಲು ಸೇರಿಸುತ್ತದೆ. ಡಾರ್ಕ್ ಮೋಡ್ ಕೊಡುವ ಡಾರ್ಕ್ ರೀಡರ್ ಎಚ್‌ಟಿಎಂಎಲ್ ಟ್ಯಾಗ್ ಮೇಲೆ ತನ್ನ ಹೆಸರನ್ನೇ ಬರೆಯುತ್ತದೆ. ವೆಬ್ ಡೆವಲಪರ್‌ಗಳಿಗೆ ಇದು ಹಳೇ ತಲೆನೋವು: ಸರ್ವರ್ ಕಳಿಸಿದ ಪುಟವೂ ಬ್ರೌಸರ್‌ನಲ್ಲಿರುವ ಪುಟವೂ ಹೊಂದುತ್ತಿಲ್ಲ ಅಂತ, ಪುಟ ಕಟ್ಟಲು ಬಳಸುವ ರಿಯಾಕ್ಟ್ ಎಂಬ ಸಾಫ್ಟ್‌ವೇರ್ ದೂರುತ್ತದೆ, ಹುಡುಕಿದರೆ ಕಾರಣ ಯಾರದ್ದೋ ವ್ಯಾಕರಣದ ಎಕ್ಸ್‌ಟೆನ್ಶನ್. ಡೆವಲಪರ್‌ಗೆ ಎರರ್ ಆಗಿ ಕಾಣುವುದು ಟ್ರ್ಯಾಕರ್‌ಗೆ ಮಾಹಿತಿ. 2017ರಲ್ಲೇ ಅಮೆರಿಕದ ಸಂಶೋಧಕರು 10,000 ಜನಪ್ರಿಯ ಕ್ರೋಮ್ ಎಕ್ಸ್‌ಟೆನ್ಶನ್‌ಗಳನ್ನು ನೋಡಿ, ಕನಿಷ್ಠ ಶೇ. 9.2ರಷ್ಟು ಎಕ್ಸ್‌ಟೆನ್ಶನ್‌ಗಳು ಯಾವ ಪುಟ ತೆರೆದರೂ ಇಂಥ ಗುರುತು ಬಿಡುತ್ತವೆ ಎಂದು ತೋರಿಸಿದ್ದರು. ಎಕ್ಸ್‌ಟೆನ್ಶನ್ ಸೇರಿಸುವ ಸ್ಟೈಲ್ ಶೀಟ್‌ನಿಂದಲೂ ಅದನ್ನು ಹಿಡಿಯಬಹುದು ಎಂಬುದು 2021ರಲ್ಲಿ ಗೊತ್ತಾಯಿತು.

ಒಂದು ಎಕ್ಸ್‌ಟೆನ್ಶನ್ ಗೊತ್ತಾದರೆ ಅಂಥ ನಷ್ಟ ಏನಿಲ್ಲ. ಕೋಟ್ಯಂತರ ಜನ ಅದನ್ನೇ ಬಳಸುತ್ತಿರಬಹುದು. ತೊಂದರೆ ಇರುವುದು ಜೋಡಣೆಯಲ್ಲಿ. ಡಾರ್ಕ್ ಮೋಡ್, ವ್ಯಾಕರಣ, ಒಂದು ನಿರ್ದಿಷ್ಟ ಪಾಸ್‌ವರ್ಡ್ ಮ್ಯಾನೇಜರ್, ಕೂಪನ್, ಈ ನಾಲ್ಕೂ ಒಟ್ಟಿಗೆ ಇರುವವರು ಎಷ್ಟು ಜನ? 2018ರಲ್ಲಿ ಫ್ರಾನ್ಸ್‌ನ ಇನ್ರಿಯಾ ಸಂಸ್ಥೆಯವರು 16,393 ಜನರ ಮೇಲೆ ಇದನ್ನೇ ಪರೀಕ್ಷಿಸಿದರು. ಪತ್ತೆಹಚ್ಚಬಹುದಾದ ಒಂದಾದರೂ ಎಕ್ಸ್‌ಟೆನ್ಶನ್ ಇದ್ದವರಲ್ಲಿ ಶೇ. 54.86ರಷ್ಟು ಜನರನ್ನು ಎಕ್ಸ್‌ಟೆನ್ಶನ್ ಪಟ್ಟಿಯೊಂದರಿಂದಲೇ ಬೇರೆ ಮಾಡಿ ಗುರುತಿಸಲು ಸಾಧ್ಯವಾಯಿತು. ಫಾಂಟ್ ಬೇಡ, ಕ್ಯಾನ್ವಾಸ್ ಬೇಡ. ಅದರ ಜೊತೆಗೆ ಯಾವ ಸೈಟ್‌ಗಳಿಗೆ ಲಾಗಿನ್ ಆಗಿದ್ದಾರೆ ಎಂಬುದೂ ಸಿಕ್ಕಾಗ ಅದು ಶೇ. 89.23ಕ್ಕೆ ಏರಿತು.

ಇನ್ನೊಂದು ಮಾತು. ಪರದೆಯ ಅಳತೆ ನಿಮ್ಮ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಎಕ್ಸ್‌ಟೆನ್ಶನ್ ಹೇಳುತ್ತದೆ. ಓದಲು ಕಷ್ಟವಾಗುವವರಿಗೆ ನೆರವಾಗುವ ಎಕ್ಸ್‌ಟೆನ್ಶನ್, ಕೆಲಸ ಹುಡುಕುವವರ ಎಕ್ಸ್‌ಟೆನ್ಶನ್, ಪ್ರಾರ್ಥನೆಯ ಸಮಯ ತಿಳಿಸುವುದು: ಇವು ಗುರುತಿನ ಜೊತೆಗೆ ಬದುಕನ್ನೂ ಹೇಳುತ್ತವೆ. ನನಗೆ ಜಾಸ್ತಿ ಚಿಂತೆ ಇರುವುದು ಇದರ ಬಗ್ಗೆಯೇ.

ಇನ್ನು ನಿಮ್ಮ ಯೂಸರ್ ಏಜೆಂಟ್ ಬದಲಿಸುವ ಎಕ್ಸ್‌ಟೆನ್ಶನ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಇದು ಮಾಡುವುದು ಅದನ್ನೇ. ನೀವು ವಿಂಡೋಸ್‌ನಲ್ಲಿ ಕ್ರೋಮ್ ಬಳಸುತ್ತಾ, ಇದು ಮ್ಯಾಕ್‌ನ ಸಫಾರಿ ಅಂತ ಸೈಟ್‌ಗೆ ಹೇಳಿಸುತ್ತೀರಿ. ಆದರೆ ಜಾವಾಸ್ಕ್ರಿಪ್ಟ್ ಕೇಳಿದರೆ ಪ್ಲಾಟ್‌ಫಾರ್ಮ್ ವಿಂಡೋಸ್ ಅಂತಲೇ ಬರಬಹುದು. ಕ್ರೋಮ್ ಬಳಗದಲ್ಲಿ ಮಾತ್ರ ಇರುವ ಸೌಲಭ್ಯಗಳು ಅಲ್ಲೇ ಇರುತ್ತವೆ. ಫಾಂಟ್‌ಗಳು ವಿಂಡೋಸ್‌ನವು. ಅದಕ್ಕೂ ಮೊದಲು, ಸುರಕ್ಷಿತ ಸಂಪರ್ಕ ಶುರುವಾಗುವಾಗ ಬ್ರೌಸರ್ ಸರ್ವರ್‌ಗೆ ಕಳಿಸುವ ಮೊದಲ ಸಂದೇಶದ ರಚನೆಯೇ ಕ್ರೋಮ್ ಅಂತ ಹೇಳಿರುತ್ತದೆ. ಅದನ್ನು ಯಾವ ಎಕ್ಸ್‌ಟೆನ್ಶನ್ ಕೂಡ ಬದಲಿಸಲಾರದು. ಮಾಮೂಲಿ ವಿಂಡೋಸ್ ಕ್ರೋಮ್ ಆಗಿದ್ದರೆ ನೀವು ಕೋಟಿಗಟ್ಟಲೆ ಜನರ ನಡುವೆ ಇರುತ್ತಿದ್ದಿರಿ. ಈಗ 'ಸಫಾರಿ ಎಂದು ಸುಳ್ಳು ಹೇಳುವ ವಿಂಡೋಸ್ ಕ್ರೋಮ್' ಎಂಬ ಪುಟ್ಟ ಗುಂಪಿಗೆ ಸೇರಿದ್ದೀರಿ. ಸಾಲದ್ದಕ್ಕೆ ಬಾಟ್‌ಗಳೂ ಹೀಗೇ ಸುಳ್ಳು ಹೇಳುವುದರಿಂದ ಕ್ಯಾಪ್ಚಾ ಕಾಟವೂ ಜಾಸ್ತಿಯಾಗಬಹುದು.

ಕ್ಯಾನ್ವಾಸ್ ಬ್ಲಾಕರ್‌ನ ಕಥೆ ಸ್ವಲ್ಪ ಸೂಕ್ಷ್ಮ. ಅದು ಪಿಕ್ಸೆಲ್‌ಗಳಿಗೆ ಚೂರು ಗದ್ದಲ ಬೆರೆಸಿ, ಅಂದರೆ ಬಣ್ಣಗಳನ್ನು ತುಸು ಏರುಪೇರು ಮಾಡಿ, ಪ್ರತಿಸಲ ಬೇರೆ ಫಲಿತಾಂಶ ಕೊಡುತ್ತದೆ. ಯೋಚನೆ ಸರಿಯಾಗಿದೆ. ನಿಮ್ಮ ಫಿಂಗರ್‌ಪ್ರಿಂಟ್ ಬೇರೆಲ್ಲೂ ಇಲ್ಲದಿದ್ದರೂ ಪರವಾಗಿಲ್ಲ, ಇವತ್ತಿನದ್ದು ನಾಳೆ ಇರಬಾರದು, ಅಷ್ಟೇ. ಟ್ರ್ಯಾಕಿಂಗ್‌ಗೆ ಬೇಕಾಗಿರುವುದು ಎರಡು: ಬೇರೆಯಾಗಿರುವುದು ಮತ್ತು ಬದಲಾಗದೆ ಇರುವುದು. ಹಾಗಾಗಿ ನಿಮ್ಮ ಪರೀಕ್ಷೆಯಲ್ಲಿ 'ಬೇರೊಂದಿಲ್ಲ' ಎಂದು ಬಂದದ್ದರಲ್ಲಿ ಒಂದು ಪಾಲು ಈ ಗದ್ದಲದ್ದೇ ಇರಬಹುದು. ಅಷ್ಟರಮಟ್ಟಿಗೆ ಅದು ಹೆದರಬೇಕಾದ ಉತ್ತರವಲ್ಲ.

ಆದರೆ ಬ್ರೇವ್‌ನಂಥ ಬ್ರೌಸರ್ ಈ ಕೆಲಸವನ್ನು ತನ್ನ ಒಳಗೇ ಮಾಡುತ್ತದೆ, ಎಕ್ಸ್‌ಟೆನ್ಶನ್ ಹೊರಗಿನಿಂದ ತೇಪೆ ಹಾಕುತ್ತದೆ. ತೇಪೆ ಕಾಣಿಸುತ್ತದೆ. ಬ್ರೌಸರ್‌ನ ಮೂಲ ಫಂಕ್ಷನ್ ಜಾಗದಲ್ಲಿ ಎಕ್ಸ್‌ಟೆನ್ಶನ್ ತನ್ನದನ್ನು ಇಟ್ಟಿರುತ್ತದೆ. ಇದು ಮೂಲದ್ದೇ ಅಲ್ಲವೇ ಅಂತ ಸ್ಕ್ರಿಪ್ಟ್ ಪರೀಕ್ಷಿಸಬಹುದು. ಇನ್ನೂ ಸುಲಭದ ದಾರಿ: ಒಂದೇ ಬಣ್ಣದ ಚೌಕ ಬಿಡಿಸಿ, ಅದೇ ಬಣ್ಣ ವಾಪಸ್ ಬಂತೇ ಅಂತ ನೋಡುವುದು. ಬರದಿದ್ದರೆ ಯಾರೋ ಕೈ ಹಾಕಿದ್ದಾರೆ. ಜೊತೆಗೆ ಎಕ್ಸ್‌ಟೆನ್ಶನ್‌ನ ಈ ತೇಪೆ ಸಾಮಾನ್ಯವಾಗಿ ವೆಬ್ ವರ್ಕರ್ (ಪುಟದ ಹಿಂದೆ ಬೇರೆಯಾಗಿ ಓಡುವ ಸ್ಕ್ರಿಪ್ಟ್) ಒಳಗೆ ತಲುಪುವುದಿಲ್ಲ. ಅಲ್ಲಿ ಬಿಡಿಸಿದ ಚಿತ್ರಕ್ಕೆ ನಿಮ್ಮ ನಿಜವಾದ ಫಿಂಗರ್‌ಪ್ರಿಂಟ್ ಇರುತ್ತದೆ. ಆಗ ಸೈಟ್‌ಗೆ ಎರಡೂ ಸಿಕ್ಕ ಹಾಗಾಯಿತು: ನೀವು ಮುಚ್ಚಿಡಲು ಹೋದ ಗುರುತು, ಮುಚ್ಚಿಡಲು ಹೋದಿರಿ ಎಂಬ ಸುದ್ದಿ.

ಒಳ್ಳೆಯ ಉದ್ದೇಶದಿಂದ ಮಾಡಿದ ಎಕ್ಸ್‌ಟೆನ್ಶನ್ ಕೂಡ ಇಲ್ಲಿ ಎಡವಿದೆ. ಪ್ರೈವಸಿ ಬ್ಯಾಡ್ಜರ್ ಗೊತ್ತಲ್ವಾ? ನೀವು ನೋಡುವ ಸೈಟ್‌ಗಳಿಂದಲೇ ಕಲಿತು, ಯಾರು ಟ್ರ್ಯಾಕರ್ ಅಂತ ತೀರ್ಮಾನಿಸುವುದು ಅದರ ಹೆಗ್ಗಳಿಕೆಯಾಗಿತ್ತು. ಒಬ್ಬೊಬ್ಬರ ಬ್ರೌಸಿಂಗ್ ಬೇರೆ, ಹಾಗಾಗಿ ಒಬ್ಬೊಬ್ಬರ ಬ್ಯಾಡ್ಜರ್ ಕಲಿತದ್ದೂ ಬೇರೆ. ಯಾವುದನ್ನು ತಡೆಯುತ್ತದೆ, ಯಾವುದನ್ನು ಬಿಡುತ್ತದೆ ಎಂಬುದರಿಂದಲೇ ಜನರನ್ನು ಗುರುತಿಸಬಹುದು ಎಂದು ಗೂಗಲ್‌ನ ಭದ್ರತಾ ತಂಡ ತಿಳಿಸಿತು. 2020ರ ಅಕ್ಟೋಬರ್‌ನಲ್ಲಿ ಆ ಕಲಿಕೆಯನ್ನು ನಿಲ್ಲಿಸಿ, ಎಲ್ಲರಿಗೂ ಒಂದೇ ಪಟ್ಟಿ ಬರುವಂತೆ ಮಾಡಿದರು. ಬೇಕೆಂದವರು ಸೆಟ್ಟಿಂಗ್ಸ್‌ನಲ್ಲಿ ಮತ್ತೆ ಶುರು ಮಾಡಬಹುದು, ಆದರೆ ತಾನಾಗಿ ನಡೆಯುವುದಿಲ್ಲ. ನನ್ನನ್ನು ಟ್ರ್ಯಾಕ್ ಮಾಡಬೇಡಿ ಅಂತ ಸೈಟ್‌ಗಳಿಗೆ ಹೇಳುವ 'ಡು ನಾಟ್ ಟ್ರ್ಯಾಕ್' ಸೆಟ್ಟಿಂಗ್‌ಗೂ ಇದೇ ಗತಿ. ಅದೇ ಒಂದು ಗುರುತಾಗುತ್ತದೆ ಎಂದು ಆಪಲ್ 2019ರಲ್ಲಿ ಸಫಾರಿಯಿಂದ ಅದನ್ನು ತೆಗೆದುಹಾಕಿತು.

ಹಾಗಿದ್ದರೆ ಆಡ್‌ಬ್ಲಾಕರ್ ಮಾತ್ರ ಯಾಕಿರಲಿ ಅಂದೆ? ಅದೂ ಪತ್ತೆಯಾಗುತ್ತದೆ, ನಿಜ. ಜಾಹೀರಾತಿನ ಹೆಸರಿಟ್ಟ ಒಂದು ಖಾಲಿ ಡಬ್ಬಿಯನ್ನು ಪುಟದಲ್ಲಿಟ್ಟು, ಮಾಯವಾಯಿತೇ ಅಂತ ನೋಡಿದರೆ ಸಾಕು. ಆದರೆ ಲೆಕ್ಕ ಹೀಗಿದೆ: ಫಿಂಗರ್‌ಪ್ರಿಂಟ್ ತೆಗೆಯುವ ಸ್ಕ್ರಿಪ್ಟ್ ಬಹಳ ಸಲ ಬೇರೊಂದು ಕಂಪನಿಯ ಸರ್ವರ್‌ನಿಂದ ಬರುತ್ತದೆ. ಆಡ್‌ಬ್ಲಾಕರ್ ಅದನ್ನು ಬರಲೇ ಬಿಡದಿದ್ದರೆ, ನಿಮ್ಮ ಫಿಂಗರ್‌ಪ್ರಿಂಟ್ ಎಷ್ಟೇ ವಿಚಿತ್ರವಾಗಿದ್ದರೂ ಆ ಕಂಪನಿಗೆ ತಲುಪುವುದಿಲ್ಲ. ಒಂದೆರಡು ಬಿಟ್ ಕೊಟ್ಟು ನೂರಾರು ಟ್ರ್ಯಾಕರ್‌ಗಳನ್ನು ತಡೆಯುವುದು ಒಳ್ಳೆಯ ವ್ಯಾಪಾರ. ಸೈಟ್ ತಾನೇ ತನ್ನ ಸರ್ವರ್‌ನಿಂದ ಫಿಂಗರ್‌ಪ್ರಿಂಟ್ ತೆಗೆದರೆ ಮಾತ್ರ ಆಡ್‌ಬ್ಲಾಕರ್ ಹೆಚ್ಚೇನೂ ಮಾಡಲಾರದು.

ಇಲ್ಲೊಂದು ಎಚ್ಚರಿಕೆ. ಆಡ್‌ಬ್ಲಾಕರ್‌ನಲ್ಲಿ ಸಿಕ್ಕಸಿಕ್ಕ ಫಿಲ್ಟರ್ ಪಟ್ಟಿಗಳನ್ನೆಲ್ಲ ಟಿಕ್ ಮಾಡಬೇಡಿ. ಒಂದೊಂದು ಪಟ್ಟಿಯೂ ಬೇರೆ ಬೇರೆ ಡಬ್ಬಿಗಳನ್ನು ಮಾಯ ಮಾಡುತ್ತದೆ. ಹಾಗಾಗಿ ಯಾವ ಪಟ್ಟಿಗಳು ಇವೆ ಎಂಬುದನ್ನೂ ಊಹಿಸಬಹುದು. ಒಂದು ಭಾಷೆಗೆಂದೇ ಮಾಡಿದ ಪಟ್ಟಿ ಹಾಕಿಕೊಂಡರೆ, ವಿಪಿಎನ್ ಹಿಂದೆ ಕೂತು ಬೇರೆ ದೇಶದವರಂತೆ ಕಾಣುತ್ತಿದ್ದರೂ ನಿಮ್ಮ ಭಾಷೆ ಗೊತ್ತಾಗಿಬಿಡಬಹುದು. ಬಂದ ಹಾಗೇ ಇರುವ ಪಟ್ಟಿಗಳು ಬಹುಪಾಲು ಜನರಿಗೆ ಸಾಕು. ಆಡ್‌ಬ್ಲಾಕರ್ ಕೂಡ ಒಂದೇ ಇರಲಿ, ಎರಡು ಮೂರು ಬೇಡ.

ಇಷ್ಟೆಲ್ಲ ಹೊರಗಿನವರು ನಿಮ್ಮನ್ನು ಹೇಗೆ ನೋಡುತ್ತಾರೆ ಎಂಬ ಮಾತಾಯಿತು. ನಿಜ ಹೇಳಬೇಕೆಂದರೆ ನನಗೆ ಫಿಂಗರ್‌ಪ್ರಿಂಟ್‌ಗಿಂತ ದೊಡ್ಡ ಭಯ ಎಕ್ಸ್‌ಟೆನ್ಶನ್‌ದ್ದೇ. 'ಎಲ್ಲ ಸೈಟ್‌ಗಳಲ್ಲಿರುವ ನಿಮ್ಮ ಎಲ್ಲ ಡೇಟಾವನ್ನು ಓದುವುದು ಮತ್ತು ಬದಲಿಸುವುದು' ಎಂಬ ಅನುಮತಿಗೆ ನೀವು ಒಪ್ಪಿದ್ದೀರಿ. ಅಂದರೆ ಬ್ಯಾಂಕ್ ಪುಟ, ಇಮೇಲ್, ಟೈಪ್ ಮಾಡುತ್ತಿರುವ ಮಾತು, ಎಲ್ಲ. ಅಷ್ಟು ಕೈಗೆ ಸಿಕ್ಕಿದ ಮೇಲೆ ಫಿಂಗರ್‌ಪ್ರಿಂಟ್ ಯಾರಿಗೆ ಬೇಕು?

ಇದು ಬರೀ ಊಹೆಯಲ್ಲ. ಸೈಟ್‌ಗಳ ನೋಟ ಬದಲಿಸುವ ಸ್ಟೈಲಿಶ್, ಬಳಕೆದಾರರ ಬ್ರೌಸಿಂಗ್ ಇತಿಹಾಸವನ್ನೇ ಕಳಿಸುತ್ತಿದೆ ಎಂಬುದು 2018ರ ಜುಲೈನಲ್ಲಿ ಹೊರಬಿದ್ದು, ಫೈರ್‌ಫಾಕ್ಸ್ ಮತ್ತು ಕ್ರೋಮ್ ಎರಡೂ ಅದನ್ನು ತೆಗೆದವು. ಬಳಸದ ಟ್ಯಾಬ್‌ಗಳನ್ನು ಮಲಗಿಸುತ್ತಿದ್ದ ದಿ ಗ್ರೇಟ್ ಸಸ್ಪೆಂಡರ್ 2020ರಲ್ಲಿ ಕೈ ಬದಲಾಯಿತು. ಹೊಸ ಒಡೆಯರ ಅಪ್‌ಡೇಟ್ ತಾನಾಗಿ ಎಲ್ಲರಿಗೂ ಬಂತು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಎಂದು ತೆಗೆದುಹಾಕಿತು. ಆಂಟಿವೈರಸ್ ಕಂಪನಿ ಅವಾಸ್ಟ್ ಟ್ರ್ಯಾಕಿಂಗ್ ತಡೆಯುತ್ತೇನೆ ಎನ್ನುತ್ತಾ ಎಕ್ಸ್‌ಟೆನ್ಶನ್ ಮತ್ತು ಆಂಟಿವೈರಸ್ ಮೂಲಕ ಸಂಗ್ರಹಿಸಿದ ಬ್ರೌಸಿಂಗ್ ಮಾಹಿತಿಯನ್ನು ಮಾರಿದ್ದಕ್ಕೆ, ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2024ರಲ್ಲಿ 1.65 ಕೋಟಿ ಡಾಲರ್ ಕಟ್ಟಿಸಿತು. ಡೆವಲಪರ್ ಪ್ರಾಮಾಣಿಕನಾದರೂ ಸಾಲದು. 2024ರ ಡಿಸೆಂಬರ್‌ನಲ್ಲಿ ಸೈಬರ್‌ಹೇವನ್ ಎಂಬ ಭದ್ರತಾ ಕಂಪನಿಯ ಒಬ್ಬ ಉದ್ಯೋಗಿ ಫಿಶಿಂಗ್ ಇಮೇಲ್‌ಗೆ ಮೋಸಹೋಗಿ, ಅವರದೇ ಎಕ್ಸ್‌ಟೆನ್ಶನ್‌ನ ಕೆಟ್ಟ ಆವೃತ್ತಿ ಕ್ರೋಮ್ ಸ್ಟೋರ್‌ಗೆ ಹೋಯಿತು.

ಹೊಸ ಅನುಮತಿ ಬೇಕಾದರೆ ಕ್ರೋಮ್ ನಿಮ್ಮನ್ನು ಕೇಳುತ್ತದೆ, ಸರಿ. ಆದರೆ ಮೊದಲೇ ಎಲ್ಲ ಸೈಟ್‌ಗಳ ಅನುಮತಿ ಕೊಟ್ಟಿದ್ದರೆ ಮತ್ತೆ ಕೇಳಲು ಏನೂ ಉಳಿದಿರುವುದಿಲ್ಲ. ಒಡೆಯ ಬದಲಾದ ಅಂತ ಯಾರೂ ನಿಮಗೆ ಹೇಳುವುದಿಲ್ಲ.

ಇನ್ನು ನಿಮ್ಮ ಪಟ್ಟಿ. ಕೂಪನ್ ಹುಡುಕುವುದನ್ನು ತೆಗೆಯಿರಿ. ನೀವು ಏನು ಕೊಳ್ಳುತ್ತೀರಿ ಅಂತ ನೋಡುವುದೇ ಅದರ ಕೆಲಸ. ಡಾರ್ಕ್ ಮೋಡ್ ಈಗ ಅನೇಕ ಸೈಟ್‌ಗಳಲ್ಲೇ ಇದೆ, ಕಣ್ಣಿಗೆ ನಿಜವಾಗಿ ತೊಂದರೆ ಇದ್ದರೆ ಮಾತ್ರ ಎಕ್ಸ್‌ಟೆನ್ಶನ್ ಇಟ್ಟುಕೊಳ್ಳಿ. ವ್ಯಾಕರಣ ತಿದ್ದುವುದು ಬೇಕೇ ಬೇಕು ಅನ್ನುವುದಾದರೆ ಕೆಲಸಕ್ಕೆಂದು ಇನ್ನೊಂದು ಕ್ರೋಮ್ ಪ್ರೊಫೈಲ್ ಮಾಡಿ ಅದರಲ್ಲಿ ಹಾಕಿಕೊಳ್ಳಿ. ಪ್ರೊಫೈಲ್‌ಗಳ ಎಕ್ಸ್‌ಟೆನ್ಶನ್‌ಗಳು ಬೇರೆ ಬೇರೆ. ಆದರೆ ಗ್ರಾಫಿಕ್ಸ್ ಕಾರ್ಡ್, ಪರದೆ, ಐಪಿ ವಿಳಾಸ ಎರಡರಲ್ಲೂ ಒಂದೇ ಅನ್ನುವುದು ನೆನಪಿರಲಿ. ಪಾಸ್‌ವರ್ಡ್ ಮ್ಯಾನೇಜರ್ ಖಂಡಿತ ಇರಲಿ. ನಕಲಿ ಸೈಟ್‌ನಲ್ಲಿ ಅದು ಪಾಸ್‌ವರ್ಡ್ ತುಂಬುವುದಿಲ್ಲ, ಆ ಒಂದು ಉಪಕಾರವೇ ಎಲ್ಲದಕ್ಕೂ ಸಾಟಿ. ಪ್ರತಿ ಫಾರ್ಮ್‌ನಲ್ಲೂ ಐಕಾನ್ ತೋರಿಸುವುದನ್ನು ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಬಳಸಿ.

ಉಳಿದವುಗಳಿಗೆ ಕ್ರೋಮ್‌ನ ಎಕ್ಸ್‌ಟೆನ್ಶನ್ ವಿವರ ಪುಟಕ್ಕೆ ಹೋಗಿ, ಸೈಟ್ ಆಕ್ಸೆಸ್ ಎಂಬಲ್ಲಿ 'ಕ್ಲಿಕ್ ಮಾಡಿದಾಗ ಮಾತ್ರ' ಎಂದು ಬದಲಿಸಿ. ಆಗ ನೀವು ಕ್ಲಿಕ್ ಮಾಡುವವರೆಗೆ ಅದು ಪುಟವನ್ನು ಓದಲಾರದು, ಅಲ್ಲಿ ಗುರುತೂ ಬಿಡಲಾರದು. ತೆರೆದಿಟ್ಟ ಫೈಲ್‌ಗಳ ಬಾಗಿಲು ಇದರಿಂದ ಮುಚ್ಚುವುದಿಲ್ಲ. ಅದಕ್ಕೆ ಎಕ್ಸ್‌ಟೆನ್ಶನ್ ಆಫ್ ಮಾಡುವುದೊಂದೇ ದಾರಿ.

ಫಿಂಗರ್‌ಪ್ರಿಂಟಿಂಗ್‌ನಿಂದಲೇ ತಪ್ಪಿಸಿಕೊಳ್ಳಬೇಕು ಎಂಬ ಗಟ್ಟಿ ಕಾರಣ ನಿಮಗಿದ್ದರೆ ಕ್ರೋಮ್ ಬಿಟ್ಟು ಟಾರ್ ಬ್ರೌಸರ್ ಬಳಸಿ. ಸಂಪರ್ಕವನ್ನು ಹಲವು ಸರ್ವರ್‌ಗಳ ಮೂಲಕ ಹಾಯಿಸುವ ಟಾರ್ ನೆಟ್‌ವರ್ಕ್ ಬೇಡವೆಂದರೆ 2023ರಲ್ಲಿ ಟಾರ್ ತಂಡದ ಜೊತೆ ಸೇರಿ ಮಾಡಿದ ಮುಲ್ವಾಡ್ ಬ್ರೌಸರ್ ಇದೆ. ಅಲ್ಲಿ ಎಲ್ಲರೂ ಒಂದೇ ಥರ ಕಾಣಬೇಕು ಎಂಬುದೇ ಉದ್ದೇಶ, ಪರದೆಯ ಅಳತೆಯನ್ನೂ ಒಂದು ಮಟ್ಟಕ್ಕೆ ಕೂರಿಸುತ್ತಾರೆ. ಅದರಲ್ಲಿ ಬಂದ ಎಕ್ಸ್‌ಟೆನ್ಶನ್‌ಗಳನ್ನು ಮುಟ್ಟಬೇಡಿ, ಹೊಸದನ್ನು ಒಂದೂ ಸೇರಿಸಬೇಡಿ. ಸೇರಿಸಿದ ದಿನವೇ ಆ ಗುಂಪಿನಿಂದ ಹೊರಗೆ ಬಂದಂತೆ.

ಪರೀಕ್ಷೆ ಮತ್ತೆ ಮಾಡುತ್ತೀರಿ ಅಂತ ಗೊತ್ತು. ಮಾಡಿ, ಆದರೆ ಕವರ್ ಯುವರ್ ಟ್ರ್ಯಾಕ್ಸ್ ಆಡ್‌ಬ್ಲಾಕರ್ ಇದೆಯೇ ಅಂತ ನೋಡುತ್ತದೆಯೇ ಹೊರತು ಎಕ್ಸ್‌ಟೆನ್ಶನ್ ಐಡಿಗಳನ್ನು ತಟ್ಟಿ ನೋಡುವುದಿಲ್ಲ. ಕೂಪನ್ ಮತ್ತು ವ್ಯಾಕರಣದ ಎಕ್ಸ್‌ಟೆನ್ಶನ್ ತೆಗೆದ ಮೇಲೂ ಅಂಕಿ ಅಲ್ಲೇ ನಿಂತರೆ, ಅವುಗಳಿಂದ ತೊಂದರೆಯೇ ಇರಲಿಲ್ಲ ಅಂದುಕೊಳ್ಳಬೇಡಿ. ಅವು ಬಿಡುವ ಗುರುತನ್ನು ಕಣ್ಣಾರೆ ನೋಡಬೇಕಾದರೆ ಯಾವುದಾದರೂ ಸಾದಾ ಪುಟ ತೆರೆದು, ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಒತ್ತಿ. ಎಚ್‌ಟಿಎಂಎಲ್ ಮತ್ತು ಬಾಡಿ ಟ್ಯಾಗ್‌ಗಳ ಸಾಲನ್ನು ಓದಿ. ನಂತರ ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ, ಪುಟವನ್ನು ರಿಫ್ರೆಶ್ ಮಾಡುತ್ತಾ, ಯಾವ ಸಾಲು ಮಾಯವಾಗುತ್ತದೆ ಅಂತ ನೋಡಿ.